ಹಳ್ಳ ತಿಂದ ಹದಿಮೂರೂವರೆ ಗುಂಟೆ

ಬರೆಯದೆ ಬಹಳ ದಿನವಾಯ್ತು. ಆಫೀಸಿನ ಕೆಲಸ ಒಂದು ನೆಪ, ಸೋಮಾರಿತನ ನಿಜವಾದ ಕಾರಣ. ಈ ಸಲ ಬರೆಯಲು ಕೂರಿಸಿದ್ದು ನಮ್ಮ ಮನೆಯ ವಾಟ್ನಿ. (ಬೆಂಗಳೂರು-ಮೈಸೂರು ಕಡೆಯ ಓದುಗರಿಗೆ: ವಾಟ್ನಿ ಅಂದರೆ ಆಸ್ತಿ ಪಾಲು.)

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಮತ್ತು ಕಾಕಾ ನನ್ನನ್ನು ಕರೆದರು. ಹಳ್ಳದ ದಂಡೆಯ ಹೊಲ ಇಬ್ಬರಿಗೂ ಪಾಲಾಗಬೇಕು. ಉತಾರದಲ್ಲಿ ಅದು 4 ಎಕರೆ 12 ಗುಂಟೆ. ನಡುವೆ ಗೆರೆ ಎಳೆದರೆ ತಲಾ 2 ಎಕರೆ 6 ಗುಂಟೆ, ಲೆಕ್ಕ ಮುಗೀತು. ಆದರೆ ಹಳ್ಳದ ಕಡೆಯ ತುಂಡು ಯಾರಿಗೆ ಬರುತ್ತದೋ ಅವರ ಹೊಲ ದೊಡ್ಡ ಮಳೆ ಬಂದಾಗಲೆಲ್ಲ ಒಂದಿಷ್ಟು ಬೆಣ್ಣಿಹಳ್ಳಕ್ಕೆ ಹೋಗುತ್ತದೆ. ಹಳ್ಳಕ್ಕೆ ಇಬ್ಬರ ಪಾಲೂ ಮುಟ್ಟುವ ಹಾಗೆ ಉದ್ದಕ್ಕೆ ಸೀಳಿದರೂ ಆಗಲಿಲ್ಲ. ಅಲ್ಲಿ ಹಳ್ಳ ಬಾಗುತ್ತದೆ, ಬಾಗಿನ ಹೊರಬದಿ ಒಬ್ಬರ ಪಾಲಿಗೇ ಬರುತ್ತದೆ, ಕೊರೆತ ಇರುವುದು ಅಲ್ಲಿಯೇ.

“ನೀ ಎಂಜಿನಿಯರ್ ಅದೀಯಲ್ಲ, ಲೆಕ್ಕಾ ಹಾಕಿ ಹೇಳು. ಇನ್ನ ಇಪ್ಪತ್ತ ವರ್ಷಕ್ಕ ಹಳ್ಳ ಎಷ್ಟು ತಿಂತೈತಿ?” ಅಂದರು ಕಾಕಾ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸು ಕಾಕಾ, ಸಿವಿಲ್ ಅಲ್ಲ ಅಂದೆ. ಅದು ಅವರಿಗೆ ನೆಪದ ಹಾಗೆ ಕೇಳಿಸಿತು. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಓದಿಸಿದ್ದು ದಂಡ ಅನ್ನುವ ಮಾತು ಬರುವ ಮೊದಲೇ ಒಪ್ಪಿಕೊಂಡೆ. ಹಾಗೆ ಶುರುವಾದ ಹುಡುಕಾಟ ಸುಮಾರು ಏಳು ತಿಂಗಳು ಹಿಡಿಯಿತು. ಹಳ್ಳದ ದಂಡೆ ಎಷ್ಟು ಹೋಗುತ್ತದೆ ಅನ್ನುವ ಪ್ರಶ್ನೆಯನ್ನು ನಮ್ಮ ಭಾಗದಲ್ಲಿ ನೂರೆಂಬತ್ತು ವರ್ಷಗಳಿಂದ ಯಾರು ಯಾರು, ಯಾತಕ್ಕಾಗಿ ಕೇಳಿದ್ದಾರೆ ಅನ್ನುವುದೇ ಕೊನೆಗೆ ನನಗೆ ಲೆಕ್ಕಕ್ಕಿಂತ ದೊಡ್ಡ ವಿಷಯ ಅನ್ನಿಸಿತು. ಆ ಕತೆ ಇಲ್ಲಿದೆ.

ಕುಂದಗೋಳ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸವಾಯಿ ಗಂಧರ್ವರು, ನಾಡಿಗೇರ ವಾಡೆ, ಅಲ್ಲಿ ಕಲಿಯಲು ಬಂದ ಭೀಮಸೇನ ಜೋಶಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲ. ನಮ್ಮೂರಿಗೆ ಒಂದು ಹಳ್ಳವೂ ಇದೆ ಅನ್ನುವುದು ಮಳೆಗಾಲದ ಪೇಪರಿನಲ್ಲಿ ಮಾತ್ರ ಬರುತ್ತದೆ. ಬೆಣ್ಣಿಹಳ್ಳ ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಹತ್ತಿರ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ದಾಟಿ ಉತ್ತರಕ್ಕೆ ಹರಿದು ರೋಣದ ಕಡೆ ಮಲಪ್ರಭೆಗೆ ಸೇರುತ್ತದೆ. ದಾರಿಯಲ್ಲಿ ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ ಕೂಡುತ್ತದೆ. ಒಂದು ಬೆಣ್ಣೆ, ಇನ್ನೊಂದು ತುಪ್ಪ. ಹೆಸರು ಕೇಳಿ ಯಾರೂ ಮೋಸ ಹೋಗಬೇಡಿ. ಬೇಸಿಗೆಯಲ್ಲಿ ಸವಳು ನೀರಿನ ಒಂದೆರಡು ಮಡು ಬಿಟ್ಟರೆ ಏನೂ ಇರುವುದಿಲ್ಲ. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಚಾಂಗದೇವರ ಉರುಸಿಗೆ ಬರುವವರು ಇದೇ ಹಳ್ಳದಲ್ಲಿ ಮೀಯುತ್ತಾರೆ, ಚರ್ಮರೋಗ ವಾಸಿಯಾಗುತ್ತದೆ ಅನ್ನುವ ನಂಬಿಕೆ. ಮಳೆಗಾಲದಲ್ಲಿ ಅದೇ ಹಳ್ಳ ಒಂದು ರಾತ್ರಿಯಲ್ಲಿ ಸೇತುವೆ ಮುಳುಗಿಸಿ ಊರಿಂದ ಊರಿಗೆ ದಾರಿ ಕಡಿಯುತ್ತದೆ. ನಮ್ಮ ಕಡೆ “ಹಳ್ಳ ಬಂತು” ಅಂದರೆ ಅದೇ ಅರ್ಥ. ಹಳ್ಳ ಯಾವಾಗಲೂ ಅಲ್ಲೇ ಇದ್ದರೂ ಅದು “ಬರುವುದು” ವರ್ಷಕ್ಕೆ ಮೂರೋ ನಾಲ್ಕೋ ಸಲ.

ದಂಡೆ ಕೊರೆತ ಅಂದರೆ ದೊಡ್ಡ ನದಿಗಳ ಕತೆಯೇ ಎಲ್ಲರಿಗೂ ಗೊತ್ತು. ಬ್ರಹ್ಮಪುತ್ರದ ಮಾಜುಲಿ ದ್ವೀಪ ನೂರು ವರ್ಷದಲ್ಲಿ ಅರ್ಧಕ್ಕೂ ಕಮ್ಮಿಯಾಗಿದೆ, ಅದರ ಮೇಲೆ ಪುಸ್ತಕಗಳೇ ಇವೆ. ಬೆಣ್ಣಿಹಳ್ಳದಂಥದ್ದರ ಮೇಲೆ ಅಂಥ ಪುಸ್ತಕ ನನಗೆ ಸಿಗಲಿಲ್ಲ. ಹಾಗಾದರೆ ಹಳ್ಳದ ದಂಡೆ 1961ರಲ್ಲಿ ಎಲ್ಲಿತ್ತು ಅಂತ ನನಗೆ ಹೇಳಿದ್ದು ಯಾವುದು? ನೀರಾವರಿ ಇಲಾಖೆಯ ಕಡತವಲ್ಲ, ಉಪಗ್ರಹವೂ ಅಲ್ಲ. ಕಂದಾಯದ ಕಾಗದ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಭಾಗ ಒಂದೇ ಸರ್ಕಾರದ ಕೆಳಗೆ ಇರಲಿಲ್ಲ, ಹರಿದ ಕೌದಿಯ ಹಾಗಿತ್ತು. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದ್ದು. ಕುಂದಗೋಳ ಜಮಖಂಡಿಯ ಪಟವರ್ಧನ ಸಂಸ್ಥಾನದ್ದು, ರಾಜಧಾನಿಯಿಂದ ಎಷ್ಟೋ ದೂರ ಬಿದ್ದಿದ್ದ ತುಂಡು. ಆಚೆ ಲಕ್ಷ್ಮೇಶ್ವರ ಮಿರಜದವರದ್ದು, ಶಿರಹಟ್ಟಿ ಸಾಂಗಲಿಯವರದ್ದು, ಈಚೆ ಸವಣೂರು ನವಾಬರದ್ದು. ಜಮಖಂಡಿ ಮುಂಬೈ ರಾಜ್ಯದಲ್ಲಿ ವಿಲೀನವಾದದ್ದು 1948ರ ಮಾರ್ಚಿನಲ್ಲಿ. ಹಳ್ಳ ಮಾತ್ರ ಯಾರ ಗಡಿಯನ್ನೂ ಕೇಳದೆ ಹರಿಯುತ್ತಿತ್ತು.

1840ರ ದಶಕದಲ್ಲಿ ಧಾರವಾಡ ಜಿಲ್ಲೆಯ ಬ್ರಿಟಿಷ್ ಹಳ್ಳಿಗಳಲ್ಲಿ ಜಾರ್ಜ್ ವಿಂಗೇಟನ ಸರ್ವೆ ಬಂತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಪುಣೆ ಜಿಲ್ಲೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಶುರು ಮಾಡಿದ ಪದ್ಧತಿ ಅದು. 1847ರ ಜಂಟಿ ವರದಿಯಲ್ಲಿ ಅದಕ್ಕೆ ಗಟ್ಟಿ ರೂಪ ಬಂತು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಮೂಲೆಗೆ ಬಾಂದಗಲ್ಲು, ಮಣ್ಣಿನ ದರ್ಜೆ ನೋಡಿ 30 ವರ್ಷಕ್ಕೆ ಕಂದಾಯ. ಧಾರವಾಡದಲ್ಲಿ ಮೂವತ್ತು ವರ್ಷ ಮುಗಿದ ಮೇಲೆ, 1870ರ ದಶಕದಲ್ಲಿ ಮರು ಸರ್ವೆ.

ಅಳತೆ ಹೇಗೆ ಮಾಡುತ್ತಿದ್ದರು ಅನ್ನುವುದನ್ನು ನಾನು ಖುಷಿಯಿಂದ ಓದಿದೆ. ಕಬ್ಬಿಣದ ಸರಪಳಿ, ಉದ್ದ 33 ಅಡಿ. ಅದರಲ್ಲಿ 16 ಭಾಗ, ಒಂದೊಂದು ಭಾಗಕ್ಕೆ ಒಂದು ಆಣೆ. ರೂಪಾಯಿಗೆ 16 ಆಣೆ ಇದ್ದ ಹಾಗೆ ಚೈನಿಗೂ 16 ಆಣೆ! ಒಂದು ಚೈನು ಉದ್ದ ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ, 1089 ಚದರ ಅಡಿ. ನಾವು ಇವತ್ತಿಗೂ ಸೈಟು ಮಾರುವಾಗ ಬಳಸುವ ಗುಂಟೆಯ ಆ ವಿಚಿತ್ರ ಸಂಖ್ಯೆ ಬಂದದ್ದು ಆ ಸರಪಳಿಯಿಂದ. ಹೊಲದ ನಡುವೆ ಒಂದು ಆಧಾರ ಗೆರೆ ಹಿಡಿದು, ಅದರಿಂದ ಎಡಕ್ಕೆ ಬಲಕ್ಕೆ ಎಷ್ಟು ಚೈನು ಎಷ್ಟು ಆಣೆಗೆ ಬದು ಬರುತ್ತದೆ ಅಂತ ಟಿಪ್ಪಣಿಯಲ್ಲಿ ಗುರುತು ಹಾಕುತ್ತಿದ್ದರು. ಅವನ್ನೆಲ್ಲ ಕೂಡಿಸಿ ಮೈಲಿಗೆ 8 ಇಂಚಿನ ಪ್ರಮಾಣದಲ್ಲಿ ಊರಿನ ನಕಾಶೆ.

ಒಂದು ಆಣೆ ಅಂದರೆ ಎರಡು ಅಡಿಗಿಂತ ಒಂದು ಕೂದಲು ಹೆಚ್ಚು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಲ್ಲಿ ಎಲ್ಲರಿಗೂ ಪುಕ್ಕಟೆಯಾದಾಗ ಜಗತ್ತಿನ ನದಿ ಸಂಶೋಧಕರು ಹಬ್ಬ ಮಾಡಿದರು. ಅದರ ಒಂದು ಚುಕ್ಕೆ 30 ಮೀಟರ್ ಅಂದರೆ ಹತ್ತಿರ ಹತ್ತಿರ ನೂರು ಅಡಿ. ನಮ್ಮ ಹಳ್ಳದ ಪಾತ್ರವೇ ಕೆಲವು ಕಡೆ ಅಷ್ಟಿಲ್ಲ! ಬ್ರಹ್ಮಪುತ್ರಕ್ಕೆ ಅದು ಸಾಕು, ಬೆಣ್ಣಿಹಳ್ಳಕ್ಕೆ ಸಾಲದು. ಗೂಗಲ್ ಅರ್ಥ್‌ನ ಚಿತ್ರ ಇನ್ನೂ ಸ್ಪಷ್ಟ ನಿಜ, ಆದರೆ ದಂಡೆಯ ಮೇಲೆ ಬಳ್ಳಾರಿ ಜಾಲಿ ಹಬ್ಬಿರುವ ಕಡೆ ಮೇಲಿನಿಂದ ಕಾಣುವುದು ಜಾಲಿಯ ತಲೆ, ದಂಡೆಯ ಅಂಚಲ್ಲ. ಸರಪಳಿ ಹಿಡಿದು ಬಿಸಿಲಲ್ಲಿ ನಡೆದವನಿಗೆ ಆ ತೊಂದರೆ ಇರಲಿಲ್ಲ.

ಅವರು ಅಷ್ಟು ಕಷ್ಟಪಟ್ಟು ಅಳೆದದ್ದು ಹಳ್ಳದ ಮೇಲಿನ ಪ್ರೀತಿಗಲ್ಲ ಅಂತ ಹೇಳಬೇಕಾಗಿಲ್ಲ. ಹಳ್ಳ ತಿಂದ ಭೂಮಿಗೆ ಕಂದಾಯ ಬರುವುದಿಲ್ಲ, ಹಳ್ಳ ಕೊಟ್ಟ ಭೂಮಿಗೆ ಕಂದಾಯ ಹಾಕಬಹುದು. 1879ರ ಮುಂಬೈ ಭೂಕಂದಾಯ ಸಂಹಿತೆಯಲ್ಲಿ ಎರಡಕ್ಕೂ ಕಲಮುಗಳಿದ್ದವು. ನೀರು ಕೊಚ್ಚಿಕೊಂಡು ಹೋದ ಭಾಗ ಅರ್ಧ ಎಕರೆಗೆ ಕಮ್ಮಿ ಇಲ್ಲದಿದ್ದರೆ ರೈತನಿಗೆ ಅಷ್ಟರ ಮಟ್ಟಿಗೆ ಕಂದಾಯ ಇಳಿಸಬೇಕು. ಹೊಸದಾಗಿ ಕೂಡಿಕೊಂಡ ಮೆಕ್ಕಲು ಭೂಮಿ ಅರ್ಧ ಎಕರೆಯನ್ನೂ ಮೂಲ ಹಿಡುವಳಿಯ ಹತ್ತನೇ ಒಂದು ಭಾಗವನ್ನೂ ಮೀರಿದರೆ ಮಾತ್ರ ಅದಕ್ಕೆ ಕಂದಾಯ. ಓದಿದಾಗ ನ್ಯಾಯವಾಗಿಯೇ ಇದೆ ಅನ್ನಿಸಿತು. ಇದು ಬ್ರಿಟಿಷ್ ಸೀಮೆಯ ಕಾನೂನು, ಸಂಸ್ಥಾನದ ಹಳ್ಳಿಗಳಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಒಂದೇ ಹಳ್ಳದ ಮೇಲಿನ ಊರಿಗೊಂದು ನಿಯಮ, ಕೆಳಗಿನ ಊರಿಗೊಂದು ನಿಯಮ.

ಆದರೆ ಆ ಅರ್ಧ ಎಕರೆ ಅನ್ನುವ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಅರ್ಧ ಎಕರೆ ಅಂದರೆ 20 ಗುಂಟೆ. ದೊಡ್ಡ ನದಿ ಒಂದು ಮಳೆಗಾಲದಲ್ಲಿ ಅಷ್ಟನ್ನು ನುಂಗಬಹುದು. ಹಳ್ಳ ಹಾಗೆ ತಿನ್ನುವುದಿಲ್ಲ, ಮಕ್ಕಳು ಬೆಲ್ಲದಚ್ಚು ಕೆರೆದು ತಿಂದ ಹಾಗೆ ತಿನ್ನುತ್ತದೆ.

ಇನ್ನೊಂದು ಅನುಮಾನವನ್ನೂ ಹೇಳಿಬಿಡುತ್ತೇನೆ, ಇದು ನನ್ನದೇ ಊಹೆ. ವಿಂಗೇಟನ ಸರ್ವೆಯ ಉದ್ದೇಶವೇ ಕಂದಾಯ ಹಗುರ ಮಾಡಿ ಪಾಳು ಭೂಮಿಯನ್ನು ಉಳುಮೆಗೆ ತರುವುದು. ಅದೇ ಕಾಲಕ್ಕೆ ಧಾರವಾಡದಲ್ಲಿ ಅಮೆರಿಕದ ಹತ್ತಿ ಬೆಳೆಸುವ ಹುಚ್ಚು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಸರ್ಕಾರದ ಹತ್ತಿ ತೋಟ ಇತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆ ಆಕಾಶಕ್ಕೆ ಏರಿತು. ಆ ಇಪ್ಪತ್ತೈದು ವರ್ಷದಲ್ಲಿ ಹಳ್ಳದ ಪಕ್ಕ ಹುಲ್ಲು ಬೆಳೆದುಕೊಂಡಿದ್ದ ಎಷ್ಟು ಪಟ್ಟಿಗಳ ಮೇಲೆ ಕುಂಟೆ ಓಡಿರಬಹುದು? ಹುಲ್ಲಿನ ಬೇರು ಹಿಡಿದಿದ್ದ ದಂಡೆಗೂ ಹತ್ತಿ ಹಾಕಿ ವರ್ಷಕ್ಕೆ ಆರು ತಿಂಗಳು ಬೋಳಾಗಿರುವ ದಂಡೆಗೂ ಬಹಳ ವ್ಯತ್ಯಾಸ ಇದೆ.

ಕಂದಾಯದವರ ನಂತರ ದಂಡೆಯ ಬಗ್ಗೆ ತಲೆ ಕೆಡಿಸಿಕೊಂಡವರು ಸೇತುವೆ ಕಟ್ಟಿದವರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಹುಬ್ಬಳ್ಳಿ-ಗದಗ ದಾರಿ ಬೆಣ್ಣಿಹಳ್ಳವನ್ನು ದಾಟಲೇಬೇಕು. ಸೇತುವೆಯವರ ಪ್ರಶ್ನೆ ಬೇರೆ. ಪಕ್ಕದ ಹೊಲ ಎಷ್ಟು ಹೋಗುತ್ತದೆ ಅನ್ನುವುದಲ್ಲ, ಕಂಬದ ಬುಡದ ಮಣ್ಣು ಎಷ್ಟು ಆಳ ಹೋಗುತ್ತದೆ ಅನ್ನುವುದು. ಅದಕ್ಕೆ 1930ರಲ್ಲಿ ಜೆರಾಲ್ಡ್ ಲೇಸಿ ಅನ್ನುವ ಎಂಜಿನಿಯರ್ ಉತ್ತರ ಭಾರತದ ಕಾಲುವೆಗಳನ್ನು ನೋಡಿ ಒಂದು ಸೂತ್ರ ಕೊಟ್ಟರು. ನೀರಿನ ಪ್ರಮಾಣ ಮತ್ತು ಮರಳಿನ ಕಣದ ಗಾತ್ರ ಹಾಕಿದರೆ ಕೊರೆತದ ಆಳ ಬರುತ್ತದೆ. ಭಾರತದ ಸೇತುವೆಗಳ ಲೆಕ್ಕದಲ್ಲಿ ಇಂದಿಗೂ ಅದರ ಮೊಮ್ಮಕ್ಕಳೇ ಇವೆ. ಆದರೆ ಅದು ಸಡಿಲ ಮೆಕ್ಕಲು ಮಣ್ಣಿಗೆ ಹುಟ್ಟಿದ ಸೂತ್ರ. ನಮ್ಮ ಎರಿ ಮಣ್ಣಿನಲ್ಲಿ ಕಣಕ್ಕಿಂತ ಅಂಟು ಮುಖ್ಯ. ಸಿವಿಲ್ ಓದಿದ ಗೆಳೆಯನಿಗೆ ಫೋನು ಮಾಡಿ ಕೇಳಿದರೆ, “ಅದನ್ನ ಹೊಲಕ್ಕ ಹಚ್ಚಬ್ಯಾಡ ಮಾರಾಯಾ” ಅಂದ.

ಆಮೇಲೆ ಒಡ್ಡಿನ ಕಾಲ. 1942ರಲ್ಲಿ ಮುಂಬೈ ಸರ್ಕಾರ ಭೂಸುಧಾರಣಾ ಯೋಜನೆಗಳ ಕಾಯಿದೆ ಮಾಡಿತು, ವಿಜಾಪುರ ಧಾರವಾಡ ಜಿಲ್ಲೆಗಳಲ್ಲಿ ಸಮಪಾತಳಿ ಒಡ್ಡು ಹಾಕುವ ಕೆಲಸ ದೊಡ್ಡದಾಗಿ ನಡೆಯಿತು. ಮೇಲಿನ ಮಣ್ಣು ಹರಿದು ಹೋಗಬಾರದು ಅನ್ನುವುದು ಉದ್ದೇಶ. ಕೆಂಪು ಮಣ್ಣಿನಲ್ಲಿ ಅವು ನಿಂತವು. ಆಳವಾದ ಎರಿಯಲ್ಲಿ ಬೇಸಿಗೆಗೆ ಒಡ್ಡೇ ಬಿರುಕು ಬಿಟ್ಟು, ಮೊದಲ ದೊಡ್ಡ ಮಳೆಗೆ ಬಿರುಕಲ್ಲಿ ನೀರು ನುಗ್ಗಿ ಒಡೆದು ಹೋಗುವುದು ಸಾಮಾನ್ಯವಾಯಿತು. ನಮ್ಮ ಹೊಲದ ಒಡ್ಡೂ ಹಾಗೇ ಹೋಯಿತಂತೆ. ಅಲ್ಲಿಗೂ ಅದು ಹೊಲದ ಮೇಲ್ಮೈಯ ಲೆಕ್ಕ, ಹಳ್ಳದ ದಂಡೆಯ ಲೆಕ್ಕ ಅಲ್ಲ.

ಈಗ ಅಜ್ಜನ ಮಾತಿಗೆ ಬರುತ್ತೇನೆ.

2009ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆ ಉತ್ತರ ಕರ್ನಾಟಕದ ಯಾರಿಗೂ ಮರೆತಿಲ್ಲ. ಆಗ ನಾನು ಏಳನೇ ಕ್ಲಾಸು. ಹಳ್ಳ ದಂಡೆ ಮೀರಿ ಹೊಲಕ್ಕೆ ಬಂದಿತ್ತು. ನಾವೆಲ್ಲ ಎತ್ತರದ ದಿಬ್ಬದ ಮೇಲೆ ನಿಂತು ಕೆಂಪು ಕಪ್ಪು ನೀರು ನೋಡುತ್ತಿದ್ದೆವು. ಮಳೆ ನಿಂತು ನೀರು ಇಳಿಯತೊಡಗಿದಾಗ ನಾನು ಅಂಚಿಗೆ ಓಡಿದೆ. ಅಜ್ಜ ಅಂಗಿ ಹಿಡಿದು ಎಳೆದ. “ನೀರು ಏರೂ ಮುಂದ ದಂಡಿ ಬೀಳೂದಿಲ್ಲೋ ತಮ್ಮಾ, ಇಳಿಯೂ ಮುಂದ ಬೀಳತೈತಿ. ಎರಡ ದಿನ ಆ ಕಡೆ ಹೋಗಬ್ಯಾಡ.” ಮರುದಿನ ಬೆಳಿಗ್ಗೆ ಬಾಗಿನ ಹತ್ತಿರ ಎತ್ತಿನ ಬಂಡಿ ಉದ್ದದ ಒಂದು ಹೆಂಟೆ, ಮೇಲಿನ ಹತ್ತಿ ಗಿಡಗಳ ಸಮೇತ, ಕಳಚಿ ಹಳ್ಳದೊಳಗೆ ಕೂತಿತ್ತು. ಗಿಡಗಳು ಇನ್ನೂ ನೆಟ್ಟಗೆ ನಿಂತಿದ್ದವು. ಅದು ನನಗೆ ಚೆನ್ನಾಗಿ ನೆನಪಿದೆ.

ಅಜ್ಜ ಹೇಳಿದ್ದನ್ನು ಪುಸ್ತಕಗಳು ಹೀಗೆ ಹೇಳುತ್ತವೆ. ಎರಿ ಮಣ್ಣು ಒಣಗಿದಾಗ ಕುಗ್ಗುತ್ತದೆ, ನೆನೆದಾಗ ಹಿಗ್ಗುತ್ತದೆ. ಬೇಸಿಗೆಯ ಬಿರುಕುಗಳು ಕೈ ಹೋಗುವಷ್ಟು ಅಗಲ, ಎಷ್ಟೋ ಸಲ ಒಂದು ಮೀಟರಿಗಿಂತ ಆಳ. ದಂಡೆಯ ಅಂಚಿಗೆ ಸಮನಾಗಿ ಬಿಡುವ ಬಿರುಕು ಅಂದರೆ ಆ ಹೆಂಟೆ ಹಿಂದಿನ ಹೊಲದಿಂದ ಆಗಲೇ ಅರ್ಧ ಬಿಡಿಸಿಕೊಂಡ ಹಾಗೆ. ಹಳ್ಳ ಬಂದಾಗ ನೀರು ಬಿರುಕಿಗೂ ಇಳಿಯುತ್ತದೆ, ಮಣ್ಣು ನೆನೆದು ಭಾರವಾಗುತ್ತದೆ. ಆದರೆ ಹಳ್ಳದ ತುಂಬ ನೀರು ಇರುವವರೆಗೆ ಅದೇ ನೀರು ದಂಡೆಯನ್ನು ಎದುರಿನಿಂದ ಒತ್ತಿ ಹಿಡಿದಿರುತ್ತದೆ. ನಮ್ಮಂಥ ಹಳ್ಳದಲ್ಲಿ ನೀರು ಬಂದಷ್ಟೇ ಬೇಗ ಇಳಿಯುತ್ತದೆ. ಎದುರಿನ ಒತ್ತು ಹೋಯಿತು, ಒಳಗಿನ ನೀರು ಮಾತ್ರ ಹೊರಬರಲು ದಿನಗಟ್ಟಲೆ ಬೇಕು, ಜಿಗುಟು ಮಣ್ಣು ಅದನ್ನು ಬಿಡುವುದಿಲ್ಲ. ಆಗ ಹೆಂಟೆ ಕಳಚುತ್ತದೆ. ಕಳಚಿದ ಮಣ್ಣು ಕೆಲವು ದಿನ ದಂಡೆಯ ಬುಡಕ್ಕೇ ಕಾವಲು ನಿಂತಿರುತ್ತದೆ. ಮುಂದಿನ ಹಳ್ಳ ಅದನ್ನು ತೊಳೆದು ಹೋಯಿತೋ, ಆಟ ಮತ್ತೆ ಮೊದಲಿನಿಂದ.

ಹೀಗಾಗಿ ಪ್ರವಾಹದ ಪಂಚನಾಮೆ ಮಾಡುವವರು ನೀರು ನಿಂತಿರುವಾಗ ಬಂದು ಹೋದರೆ ದಂಡೆ ಗಟ್ಟಿಯಾಗಿಯೇ ಕಾಣುತ್ತದೆ. ಬೆಳೆ ಹಾನಿ ಬರೆದುಕೊಳ್ಳುತ್ತಾರೆ. ಹೊಲ ಬೀಳುವುದು ಅವರ ಜೀಪು ಹೋದ ಮೇಲೆ.

ಅಳೆಯುವ ಕೆಲಸಕ್ಕೆ ಕೂತೆ. ಅಜ್ಜ ಮತ್ತು ಅವನ ಅಣ್ಣನ ನಡುವೆ 1961ರಲ್ಲಿ ವಾಟ್ನಿ ಆದಾಗ ಪೋಡಿ ಮಾಡಿದ್ದರು. ಅದರ ಅಳತೆಯ ನಕಲು ಅಪ್ಪನ ಟ್ರಂಕಿನಲ್ಲಿತ್ತು, ಮಡಿಕೆಯಲ್ಲಿ ಹರಿದಿತ್ತು. ಎಲ್ಲ ಚೈನು-ಆಣೆಯಲ್ಲಿ. ಬದುವಿನ ತಿರುವಿನಲ್ಲಿ ಬಾಂದಗಲ್ಲು ಇನ್ನೂ ಇದೆ, ಹಾಗಾಗಿ ಕೆಲಸ ಸಾಧ್ಯವಾಯಿತು. ಅಲ್ಲಿಂದ ಹಳ್ಳದ ಅಂಚಿಗೆ 1961ರಲ್ಲಿ 5 ಚೈನು 4 ಆಣೆ, ಅಂದರೆ 173 ಅಡಿ. ಈಗ ಟೇಪು ಹಿಡಿದರೆ 141. ಹೀಗೆ ಆರು ಕಡೆ ಅಳೆದೆವು, ನಾನೊಂದು ತುದಿ, ಕಾಕಾ ಒಂದು ತುದಿ. ಬಾಗಿನಲ್ಲಿ 50 ಅಡಿ ಹೋಗಿದೆ, ಆಚೆ ತುದಿಯಲ್ಲಿ 12. ಸರಾಸರಿ 32. ಹಳ್ಳದ ಉದ್ದಕ್ಕೆ ನಮ್ಮ ಹೊಲ 14 ಚೈನು. ಒಟ್ಟು ಹೋಗಿದ್ದು ಹದಿಮೂರೂವರೆ ಗುಂಟೆ.

ಅರ್ಧ ಎಕರೆ ಆಗಲಿಲ್ಲ.

2000ದಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ನಮ್ಮ ವೃತ್ತಿಯವರಿಗೆ ಹೆಮ್ಮೆಯ ವಿಷಯ. ಆದರೆ ಕಾಗದದಲ್ಲಿ ಇದ್ದ 4 ಎಕರೆ 12 ಗುಂಟೆಯೇ ಕಂಪ್ಯೂಟರಿಗೂ ಹೋಯಿತು. ಹಳೇ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವಾಗ ಯಾರಾದರೂ ಹೊಲಕ್ಕೆ ಹೋಗಿ ನೋಡುತ್ತಾರಾ? ನಾವು ಆಫೀಸಿನಲ್ಲಿ ಮಾಡುವುದೂ ಅದನ್ನೇ, ಬೈಯುವ ಹಾಗಿಲ್ಲ. 2018ರಲ್ಲಿ ಬಂದ ದಿಶಾಂಕ್ ಆಪ್ ತೆರೆದು ದಂಡೆಯ ಮೇಲೆ ನಿಂತರೆ ಪರಿಸ್ಥಿತಿ ಕಣ್ಣಿಗೇ ಕಾಣುತ್ತದೆ. ಉಪಗ್ರಹ ಚಿತ್ರದ ಮೇಲೆ ನಮ್ಮ ಸರ್ವೆ ನಂಬರಿನ ಗೆರೆ, ಆ ಗೆರೆಯ ಒಳಗೇ ಹಳ್ಳ ಹರಿಯುತ್ತಿದೆ. ಆಪಿನ ಗೆರೆ ಕೆಲವು ಮೀಟರ್ ಆಚೀಚೆ ಇರುತ್ತದೆ ಅನ್ನುವುದನ್ನು ಬಿಟ್ಟರೂ ಅಷ್ಟು ಸ್ಪಷ್ಟ.

ಹಾಗಾದರೆ ಉತಾರ ತಿದ್ದಿಸೋಣ ಅಂದೆ. ಅಪ್ಪ ಗಾಬರಿಯಾದರು. “ಇರಲಿ ಬಿಡೋ, ಒಮ್ಮೆ ಖರಾಬ ಅಂತ ಬರದರಂದ್ರ ಮುಗೀತು. ನಾಳೆ ಹಳ್ಳ ಆ ಕಡೆ ಸರದು ವಾಪಸ್ ಕೊಟ್ಟರ?” ಅವರ ಮಾತಲ್ಲೂ ತಿರುಳಿದೆ. ಹಳ್ಳ ಒಂದು ಕಡೆ ತಿಂದದ್ದನ್ನು ಇನ್ನೊಂದು ಕಡೆ ಒಟ್ಟುತ್ತದೆ, 1879ರ ಕಾನೂನು ಮಾಡಿದವರಿಗೂ ಅದು ಗೊತ್ತಿತ್ತು. ಬೆಳೆಸಾಲ, ವಿಮೆ, ಪರಿಹಾರ ಎಲ್ಲ ಉತಾರದ ಮೇಲೆ ನಿಂತಿರುವಾಗ ತನ್ನ ಕೈಯಾರೆ ಯಾರು ಕಮ್ಮಿ ಮಾಡಿಸುತ್ತಾರೆ? ಕಂದಾಯ ಭಾರವಾಗಿದ್ದ ಕಾಲದಲ್ಲಿ ಹೋದ ಭೂಮಿಯನ್ನು ತೋರಿಸಿದರೆ ಲಾಭ ಇತ್ತು. ಈಗ ಮುಚ್ಚಿಟ್ಟರೆ ಲಾಭ. ಅಳತೆಯ ದಾಖಲೆ ಹಳಸಿದ್ದಕ್ಕೆ ಸರ್ಕಾರ ಒಂದೇ ಕಾರಣ ಅಲ್ಲ, ನಮ್ಮಂಥ ಮನೆಗಳೂ ಕಾರಣ.

ಪರಿಹಾರ ಅಂದ ಕೂಡಲೇ ಅದನ್ನೂ ನೋಡಿದೆ. ಕೇಂದ್ರ ಅಧಿಕೃತವಾಗಿ ವಿಪತ್ತು ಅಂತ ಹೆಸರಿಸಿರುವ ಹನ್ನೆರಡರಲ್ಲಿ ಪ್ರವಾಹ ಇದೆ, ಭೂಕುಸಿತ ಇದೆ, ಆಲಿಕಲ್ಲು ಇದೆ, ದಂಡೆ ಕೊರೆತ ಇಲ್ಲ. ಹದಿನೈದನೇ ಹಣಕಾಸು ಆಯೋಗ 2021-26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರಿಗೆ 1,000 ಕೋಟಿ ಅಂತ ಶಿಫಾರಸು ಮಾಡಿದ್ದು ಒಂದು ಹೊಸ ಹೆಜ್ಜೆಯೇ. ರಾಜ್ಯ ವಿಪತ್ತು ನಿಧಿಯ 2022-26ರ ನಿಯಮದಲ್ಲಿ ನದಿ ಪಾತ್ರ ಬದಲಾಗಿ ಜಮೀನಿನ ದೊಡ್ಡ ಭಾಗ ಹೋದರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ಆ ದರದಲ್ಲಿ ನಮ್ಮ ಹದಿಮೂರೂವರೆ ಗುಂಟೆಗೆ ಹೆಚ್ಚುಕಡಿಮೆ 6,400 ರೂಪಾಯಿ ಆಗುತ್ತದೆ. ಅದೂ “ದೊಡ್ಡ ಭಾಗ” ಒಮ್ಮೆಗೇ ಹೋದರೆ. ನೂರ ನಲವತ್ತು ವರ್ಷದ ಹಿಂದಿನ ಅರ್ಧ ಎಕರೆಯ ತಮ್ಮ ಇದು. ಬೆಣ್ಣಿಹಳ್ಳದ ಬಗ್ಗೆ ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರ ವರದಿ ಇದೆ, ಅದನ್ನು ಜಾರಿ ಮಾಡಿ ಅನ್ನುವ ಬೇಡಿಕೆ ಪ್ರತಿ ಪ್ರವಾಹದ ನಂತರ ಕೇಳುತ್ತದೆ. ಹೂಳು, ಜಾಲಿ, ಒತ್ತುವರಿ, ಪ್ರವಾಹ ಎಲ್ಲ ಸೇರಿದ ದೊಡ್ಡ ವಿಷಯ ಅದು, ಇನ್ನೊಮ್ಮೆ ಬರೆಯುತ್ತೇನೆ.

ನನಗೆ ಬೇಕಿದ್ದದ್ದು ಮುಂದಿನ ಲೆಕ್ಕ. ಅರವತ್ತು ಚಿಲ್ಲರೆ ವರ್ಷಕ್ಕೆ 32 ಅಡಿ, ವರ್ಷಕ್ಕೆ ಅರ್ಧ ಅಡಿ, ಇಪ್ಪತ್ತು ವರ್ಷಕ್ಕೆ 10 ಅಡಿ. ಇಷ್ಟು ಬರೆದು ಕಾಕಾಗೆ ತೋರಿಸಿದೆ. ಅವರು ನಕ್ಕರು. “2009ರಾಗ ಒಂದ ವಾರಕ್ಕ ಹನ್ನೊಂದ ಅಡಿ ಹೋಗೈತಿ, 2019ರ ಆಗಸ್ಟಿನ್ಯಾಗ ಎಂಟು. ನಡುವ ಹತ್ತ ವರ್ಷ ಸುಮ್ಮನಿತ್ತು. ನಿನ್ನ ಅರ್ಧ ಅಡಿ ಎಲ್ಲೈತಿ?” ನಿಜ. ಸರ್ವರ್ ವರ್ಷಕ್ಕೆ ಸರಾಸರಿ ದಿನಕ್ಕೆ ಒಂದು ನಿಮಿಷ ನಿಲ್ಲುತ್ತದೆ ಅಂತ ಹೇಳಿ, ಅದು ಒಂದೇ ದಿನ ಆರು ತಾಸು ನಿಂತರೆ ಮ್ಯಾನೇಜರ್ ಏನನ್ನುತ್ತಾನೆ ಅಂತ ನನಗೆ ಗೊತ್ತಿರಬೇಕಿತ್ತು.

ಡೇವ್ ರೋಸ್‌ಜೆನ್ ಅನ್ನುವ ಅಮೆರಿಕದವರು 2001ರಲ್ಲಿ ಬರೆದ ಒಂದು ಪದ್ಧತಿ ಸಿಕ್ಕಿತು. ದಂಡೆಯ ಎತ್ತರ, ಬೇರಿನ ಆಳ, ಬೇರಿನ ಒತ್ತು, ದಂಡೆಯ ಇಳಿಜಾರು, ಮೇಲ್ಮೈಗೆ ಇರುವ ಹೊದಿಕೆ, ಇಷ್ಟಕ್ಕೆ ಅಂಕ ಹಾಕಿ ಕೂಡಿಸುವುದು. ಶಾಲೆಯ ಮಾರ್ಕ್ಸ್ ಕಾರ್ಡಿನ ಹಾಗೆ. ನಮ್ಮ ದಂಡೆ 15 ಅಡಿ ಎತ್ತರ, ಗೋಡೆಯ ಹಾಗೆ ನೆಟ್ಟಗೆ, ಬೇರು ಇರುವುದು ಮೇಲಿನ ಒಂದೆರಡು ಅಡಿಯಲ್ಲಿ. ಅಪಾಯ ಅತಿ ಹೆಚ್ಚು ಅಂತ ಬಂತು. “ಇದಕ್ಕ ಅಮೆರಿಕಾಕ್ಕ ಹೋಗಬೇಕಿತ್ತೇನು?” ಅಂದರು ಅಪ್ಪ.

ಕೊನೆಗೆ ಕೆಲಸಕ್ಕೆ ಬಂದದ್ದು ಕೆನಡಾದ ಆಂಟೇರಿಯೊ ಪ್ರಾಂತ್ಯದವರು ಮನೆ ಎಲ್ಲಿ ಕಟ್ಟಬಾರದು ಅಂತ ತೀರ್ಮಾನಿಸಲು ಬಳಸುವ ರೀತಿ. ಅದು ಯಾವ ವರ್ಷ ಎಷ್ಟು ಅಂತ ಭವಿಷ್ಯ ಹೇಳುವುದಿಲ್ಲ. ದಂಡೆಯ ಬುಡ ನೂರು ವರ್ಷದಲ್ಲಿ ಎಷ್ಟು ಹಿಂದೆ ಸರಿಯಬಹುದೋ ಅಷ್ಟು ಬಿಡು, ಅಲ್ಲಿಂದ ಒಂದಕ್ಕೆ ಮೂರರ ಇಳಿಜಾರಿನ ಗೆರೆ ಎಳೆದು ಅದು ಹೊಲಕ್ಕೆ ಎಲ್ಲಿ ಮುಟ್ಟುತ್ತದೋ ಅಲ್ಲಿಯವರೆಗೆ ಬಿಡು ಅನ್ನುತ್ತದೆ. ನಮಗೆ 50 ಅಡಿ ಮತ್ತು 45 ಅಡಿ, ಒಟ್ಟು 95. ಹೆಚ್ಚುಕಡಿಮೆ ಮೂರು ಚೈನು. ಕಾಗದದ ಮೇಲೆ ಅದು 42 ಗುಂಟೆ, ಒಂದು ಎಕರೆಗೂ ಮೇಲೆ.

ಎಕರೆ ಅಂದ ಕೂಡಲೇ ಪಡಸಾಲೆ ಸ್ತಬ್ಧವಾಯಿತು. ಕೆನಡಾದವರ ಮಣ್ಣು ನಮ್ಮ ಎರಿ ಅಲ್ಲ ಅಂದರು ಕಾಕಾ. ಎರಿಗೆ ಮೂರರ ಇಳಿಜಾರೂ ಸಾಲದಿರಬಹುದು ಅಂತ ನಾನು ಹೇಳಬೇಕಾಯಿತು. ಎರಡು ದಿನ ಯಾರೂ ಆ ಮಾತು ಎತ್ತಲಿಲ್ಲ. ಮೂರನೇ ದಿನ ಅವ್ವನೇ ಚಹಾ ಕೊಡುತ್ತ, ಹಂಗಾರ ಅಷ್ಟನ್ನ ಇಬ್ಬರದೂ ಅಂತ ಇಟ್ಟು ಉಳಿದದ್ದು ಹಂಚಿಕೊಳ್ಳರಿ ಅಂದಳು. ಹಾಗೇ ಆಯಿತು. ದಂಡೆಯ ಮೂರು ಚೈನು ಇಬ್ಬರ ಹೆಸರಲ್ಲೂ ಜಂಟಿ, ಅಲ್ಲಿ ಉಳುಮೆ ಇಲ್ಲ, ಹುಲ್ಲು ಬಿಡುವುದು, ಎರಡೂ ಮನೆಯ ದನಕ್ಕೆ. ಉಳಿದದ್ದು ತಲಾ 1 ಎಕರೆ 18 ಗುಂಟೆ ಚಿಲ್ಲರೆ. ಉತಾರದಲ್ಲಿ 4 ಎಕರೆ 12 ಗುಂಟೆ ಹಾಗೇ ಇದೆ. ಅದಕ್ಕೆ ನಾನು ಒಪ್ಪಲಿಲ್ಲ, ನನ್ನ ಮಾತು ನಡೆಯಲೂ ಇಲ್ಲ.

ಬೆಂಗಳೂರಿಗೆ ಹೊರಡುವ ಮೊದಲು ಕಾಕಾ ಜೊತೆ ಹೋಗಿ ಮೂರು ಅಡಿಯ ಆರು ಕಬ್ಬಿಣದ ಸರಳುಗಳನ್ನು ದಂಡೆಯ ಮುಖಕ್ಕೆ ಅಡ್ಡಲಾಗಿ ಹೊಡೆದು, ಬೆರಳಷ್ಟು ಹೊರಗೆ ಬಿಟ್ಟು ಬಂದೆ. ಪ್ರತಿ ಸಲ ಹಳ್ಳ ಇಳಿದು ಎರಡು ದಿನವಾದ ಮೇಲೆ ಎಷ್ಟು ಹೊರಬಂದಿದೆ ಅಂತ ಅಳೆದು ಬರೆದಿಡಬೇಕು. ಈ ಮುಂಗಾರಿನ ಮೊದಲ ಹಳ್ಳ ಬಂದು ಹೋದ ಮೇಲೆ ಕಾಕಾ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಐದು ಸರಳು ಕಾಣುತ್ತವೆ, ಒಂದರಲ್ಲಿ ನಾಲ್ಕು ಬೆರಳು ಹೊರಗೆ ಬಂದಿದೆ. ಆರನೆಯದು, ಬಾಗಿನದ್ದು, ಕಾಣಲಿಲ್ಲ. ಅದು ಇದ್ದ ಮಣ್ಣೂ ಇಲ್ಲ.